ನನ್ನ ನಲವತ್ತೊಂದು ಆಕ್ಷೇಪಣೆಗಳು

ಜೂನ್ ೧೨, ಗುರುವಾರ

ನಿವೃತ್ತನಾಗಿ ಇವತ್ತಿಗೆ ಎಪ್ಪತ್ಮೂರು ದಿನ. ಮೂವತ್ನಾಲ್ಕು ವರ್ಷ ನವಲಗುಂದ–ಹುಬ್ಬಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಜನರನ್ನು "ಒಳಗ ಸರೀರಿ, ಒಳಗ ಸರೀರಿ" ಎಂದು ಗದರಿದವನು ನಾನು. ಈಗ ನನ್ನದೇ ಮನೆಯಲ್ಲಿ ಶಿವಗಂಗವ್ವ ಕಸಬರಿಗೆ ಹಿಡಿದುಕೊಂಡು ನನಗೆ "ಆ ಕಡೆ ಸರೀರಿ" ಎನ್ನುತ್ತಾಳೆ. ಬೆಳಿಗ್ಗೆ ಬದನೆಕಾಯಿ ಎಣ್ಣೆಗಾಯಿಗೆ ಗುರೆಳ್ಳಿನ ಪುಡಿ ಹೆಚ್ಚಾಯಿತೇನೋ ಎಂದು ಬಹಳ ಸೌಜನ್ಯದಿಂದ ಕೇಳಿದೆ.

"ನೋಡ್ರಿ, ನಿಮಗ ಮಾಡಾಕ ಕೆಲಸಿಲ್ಲ, ನನಗ ಕೇಳಾಕ ಪುರಸತ್ತಿಲ್ಲ. ಎಲ್ಲಿಗೆರ ಹೋಗಿ ಬರ್ರಿ. ಗುಡಿಗಾಗಲಿ, ಪಾರ್ಟಿ ಆಫೀಸಿಗಾಗಲಿ," ಎಂದಳು ನನ್ನ ಧರ್ಮಪತ್ನಿ.

ಗುಡಿಯಲ್ಲಿ ಚಪ್ಪಲಿ ಕಳೆಯುತ್ತವೆ. ಆದ್ದರಿಂದ ಪಕ್ಷದ ಕಚೇರಿಗೆ ಹೋದೆ.

ಕಚೇರಿ ಗೊಬ್ಬರದ ಅಂಗಡಿಯ ಮೇಲಿದೆ. ಅಂಗಡಿಯೂ ಪಕ್ಷದ ಊರ ಘಟಕದ ಅಧ್ಯಕ್ಷ ಹೇಮಂತನದೇ. ಮೆಟ್ಟಿಲ ಮೇಲೆ ಯೂರಿಯಾ ವಾಸನೆ, ಒಳಗೆ ಊದುಬತ್ತಿ ವಾಸನೆ. ಎರಡೂ ಸೇರಿದರೆ ಸಮಾಜಸೇವೆಯ ವಾಸನೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹೇಮಂತ ಎದ್ದು ನಿಂತು ಕೈಮುಗಿದ. "ಬರ್ರಿ ಕಾಕಾ. ನಿಮ್ಮಂಥ ಹಿರ್ಯಾರು ನಮಗ ಬೇಕ್ರಿ. ಊರಾಗ ನಿಮ್ಮ ಮಾರಿ ಗುರುತಿಲ್ಲದಾರು ಯಾರದಾರ?"

ಹತ್ತು ನಿಮಿಷದಲ್ಲಿ ನಾನು ನಮ್ಮ ವಾರ್ಡಿನ ಬೂತ್ ಸಮಿತಿಯ ಕಾರ್ಯದರ್ಶಿಯಾದೆ. ಸಮಿತಿಯಲ್ಲಿ ಹನ್ನೊಂದು ಜನರಿದ್ದಾರಂತೆ. ಇವತ್ತಿನ ಸಭೆಗೆ ಹಾಜರಿದ್ದವರು ಹೇಮಂತ, ನಾನು ಮತ್ತು ಗೋಡೆಯ ಫೋಟೋದಲ್ಲಿದ್ದ ನಾಲ್ವರು ನಾಯಕರು. ನಿರ್ಣಯಗಳು ಸರ್ವಾನುಮತದಿಂದ ಪಾಸಾದವು.

ಜೂನ್ ೨೨, ಭಾನುವಾರ

ಜಿಲ್ಲಾ ಮುಖಂಡರು ಬಂದಿದ್ದರು. ಹತ್ತಕ್ಕೆ ಬರುವವರು ಎರಡೂವರೆಗೆ ಬಂದರು. ಅಷ್ಟು ಹೊತ್ತು ಜನರನ್ನು ಏಳದಂತೆ ಕೂರಿಸಿಡುವ ಹೊಣೆ ನನ್ನದಾಗಿತ್ತು. ಕೆಟ್ಟು ನಿಂತ ಬಸ್ಸಿನಲ್ಲಿ ಜನರನ್ನು ಸಮಾಧಾನ ಮಾಡಿದ ಅನುಭವ ಕೈಹಿಡಿಯಿತು: "ಇನ್ನೇನು ಬಂದ್ರು, ಇನ್ನೇನು ಬಂದ್ರು" ಎಂದು ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಸುಳ್ಳು ಹೇಳಿದೆ. ಮುಖಂಡರು ಹನ್ನೆರಡು ನಿಮಿಷ ಮಾತಾಡಿ, ನಮ್ಮ ನವಲಗುಂದವನ್ನು ಎರಡು ಸಲ ನರಗುಂದ ಎಂದು ಕರೆದು ಹೋದರು.

ತಲೆ ಎಣಿಸುವುದು ನನ್ನ ಹುಟ್ಟುಗುಣವಲ್ಲ, ಕಸುಬಿನ ಗುಣ. ನೂರಾ ಹದಿನಾರು ಜನ ಇದ್ದರು. ಸಂಜೆ ಹೇಮಂತ ಪಕ್ಷದ ವಾಟ್ಸಾಪ್ ಗ್ರೂಪಿನಲ್ಲಿ "ಸಾಗರೋಪಾದಿಯಲ್ಲಿ ಹರಿದುಬಂದ ಜನಸ್ತೋಮ" ಎಂದು ಹಾಕಿದ್ದ. ನಾನೂ ಕೈಜೋಡಿಸಿದ ಚಿತ್ರ ಹಾಕಿದೆ. ಕಾರ್ಯದರ್ಶಿಯಾದವನು ಸಾಗರ ಎಂದರೆ ಸಾಗರ ಎನ್ನಬೇಕು.

ಜುಲೈ ೫, ಶನಿವಾರ

ಸದಸ್ಯತ್ವ ಅಭಿಯಾನ. ಮನೆಮನೆಗೆ ಹೋಗಿ ಒಂದು ನಂಬರಿಗೆ ಮಿಸ್ ಕಾಲ್ ಕೊಡಿಸಬೇಕು. ಅಲ್ಲಿಗೆ ಅವರು ಪಕ್ಷದವರಾಗುತ್ತಾರೆ. ಮದುವೆಗೂ ಇಷ್ಟು ಸುಲಭದ ವ್ಯವಸ್ಥೆ ಇದ್ದಿದ್ದರೆ ನಮ್ಮ ಮಾವ ಬಹಳಷ್ಟು ಉಳಿಸುತ್ತಿದ್ದ.

ನಮ್ಮ ಓಣಿ ಮುಗಿಸಿ ಹಿಂದಿನ ಜಮಖಾನದ ಓಣಿಗೆ ತಿರುಗಿದಾಗ ಹೇಮಂತನ ಫೋನು ಬಂತು. "ಆ ಓಣಿ ಬಿಡ್ರಿ ಕಾಕಾ. ಅವರು ನಮ್ಮವರಲ್ಲ. ಸುಮ್ಮನ ಟೈಮ್ ವೇಸ್ಟ್."

ಸರಿ ಎಂದು ಹೊರಳುವಷ್ಟರಲ್ಲಿ ಮಲಿಕಾಬಿ ನೋಡಿಬಿಟ್ಟಳು. ಮಗ್ಗದ ಮುಂದೆ ಕೂತು ನವಿಲಿನ ಜಮಖಾನ ನೇಯುತ್ತಿದ್ದಳು. ಶಿವಗಂಗವ್ವನಿಗೂ ಅವಳಿಗೂ ಮೂವತ್ತು ವರ್ಷದ ಗೆಳೆತನ. "ಹೊಳೆಪ್ಪಣ್ಣ, ಬಾಗಲದಾಗ ಬಂದು ಹಂಗ ಹೊಂಟಿಯಲ್ಲ, ಚಾ ಕುಡದು ಹೋಗಪಾ," ಎಂದಳು. ಕುಡಿದೆ. ಯಾವ ಕೆಲಸಕ್ಕೆ ಬಂದೆ ಎಂದು ಕೇಳಿದಳು. ಹೀಗೇ ಅಡ್ಡಾಡಲು ಬಂದೆ ಎಂದೆ. ಮಿಸ್ ಕಾಲಿನ ಮಾತು ಎತ್ತಲಿಲ್ಲ. ಶಿಸ್ತು ಎಂದರೆ ಶಿಸ್ತು.

ಜುಲೈ ೧೮, ಶುಕ್ರವಾರ

ಇವತ್ತು ಐವತ್ತು ಸಹಿ ಮಾಡಿದೆ. ನಿವೃತ್ತಿಯ ಕಾಗದಪತ್ರಗಳಿಗೂ ಇಷ್ಟು ಮಾಡಿರಲಿಲ್ಲ.

ಹೇಮಂತ ಫಾರ್ಮುಗಳ ಕಟ್ಟನ್ನು ಮುಂದಿಟ್ಟ. "ಮತದಾರರ ಪಟ್ಟಿ ಸ್ವಚ್ಛ ಮಾಡೋ ಅಭಿಯಾನರಿ ಕಾಕಾ. ಸತ್ತಾರು, ಊರ ಬಿಟ್ಟಾರು, ಇವರ ಹೆಸರಿನ್ನೂ ಪಟ್ಟ್ಯಾಗ ಅದಾವ. ಅವನ್ನ ತಗೀರಿ ಅಂತ ಆಕ್ಷೇಪಣಾ ಕೊಡೋದು. ಪಕ್ಷದ ಬೂತ್ ಏಜೆಂಟ್ ಅಂತ ನಿಮ್ಮ ಹೆಸರು ಕೊಟ್ಟೇವಿ. ಸಹಿ ನಿಮ್ಮದ ಆಗಬೇಕು."

"ಫಾರ್ಮು ಖಾಲಿ ಅದಾವಲ್ಲೋ?"

"ತುಂಬಾಕ ನಮ್ಮ ಮಂದಿ ಅದಾರ್ರಿ. ನಿಮ್ಮ ಕಣ್ಣಿಗೆ ಯಾಕ ತ್ರಾಸು?"

ನನ್ನ ಕಣ್ಣಿನ ಬಗ್ಗೆ ಇಷ್ಟು ಕಾಳಜಿ ಡಾಕ್ಟರೂ ತೋರಿಸಿರಲಿಲ್ಲ. ಫಾರ್ಮಿನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಏನೋ ಅಚ್ಚಾಗಿತ್ತು. ಕನ್ನಡಕ ಮನೆಯಲ್ಲಿತ್ತು. ಇರುವೆಗಳು ತಮ್ಮ ಪಾಡಿಗೆ ಹೋಗುತ್ತಿದ್ದವು, ನಾನು ತಡೆಯಲಿಲ್ಲ.

ಮೂವತ್ತನೆಯ ಸಹಿಯ ಹೊತ್ತಿಗೆ ಮಿರ್ಚಿ ಭಜಿ ಬಂತು. ನಲವತ್ತನೆಯದಕ್ಕೆ ಹೇಮಂತ ಕುರ್ಚಿ ಹತ್ತಿರ ಎಳೆದುಕೊಂಡ. "ಪುರಸಭಾ ಇಲೆಕ್ಷನ್ ಇವತ್ತಲ್ಲ ನಾಳೆ ಬರತೈತಿ. ಈ ಸಲ ನಮ್ಮ ವಾರ್ಡಿನ ಟಿಕೆಟ್ ನಿಮಗ ಅಂತ ಮ್ಯಾಲೆ ಮಾತಾಡೇನ್ರಿ."

ಊರಿಗೆಲ್ಲ ಟಿಕೆಟ್ ಕೊಟ್ಟವನಿಗೆ ಮೊದಲ ಸಲ ಒಬ್ಬರು ಟಿಕೆಟ್ ಕೊಡುತ್ತೇನೆ ಎಂದರು. ಉಳಿದ ಹತ್ತು ಸಹಿ ಇನ್ನೂ ಚೆಂದ ಬಂದವು.

ಜುಲೈ ೨೯, ಮಂಗಳವಾರ

ವಿಸಿಟಿಂಗ್ ಕಾರ್ಡು ಬಂದವು. "ಹೊಳೆಪ್ಪ, ಸಮಾಜ ಸೇವಕರು." ಶಿವಗಂಗವ್ವ ತಿರುಗಿಸಿ ಮುರುಗಿಸಿ ನೋಡಿ, "ಯಾವ ಸಮಾಜದ್ದು ಯಾವ ಸೇವಾ ಮಾಡೀರಿ?" ಎಂದಳು. ಹೆಂಗಸರಿಗೆ ರಾಜಕೀಯ ತಿಳಿಯುವುದಿಲ್ಲ.

ಆಗಸ್ಟ್ ೪, ಸೋಮವಾರ

ಬೆಳಿಗ್ಗೆ ಪಡಸಾಲೆಯಲ್ಲಿ ಪೇಪರು ಓದುತ್ತ ಕೂತಿದ್ದೆ. ಮಲಿಕಾಬಿ ಒಂದು ಕಾಗದ ಹಿಡಿದು ಬಂದಳು. "ಗಂಗವ್ವಾ, ಅಂಗನವಾಡಿ ಟೀಚರ್ ಇದನ್ನ ಕೊಟ್ಟು ಹೋದಳು. ಏನೈತಿ ಓದಿ ಹೇಳವಾ. ನನಗ ನಿಮ್ಮ ಸರ್ಕಾರಿ ಕನ್ನಡ ತಿಳ್ಯಂಗಿಲ್ಲ."

ಶಿವಗಂಗವ್ವ ಏಳನೆಯ ಇಯತ್ತೆ ಪಾಸು. ಗಟ್ಟಿಯಾಗಿ ಓದುವ ಅಭ್ಯಾಸ. "'ಮಲಿಕಾಬಿ ಇವರು ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ, ಕಾಯಂ ಆಗಿ ಸ್ಥಳಾಂತರಗೊಂಡಿರುತ್ತಾರೆ, ಕಾರಣ ಇವರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆದುಹಾಕಬೇಕೆಂದು ಆಕ್ಷೇಪಣೆ ಬಂದಿರುತ್ತದೆ. ಆಗಸ್ಟ್ ಇಪ್ಪತ್ತೊಂದರಂದು ತಾಲೂಕು ಕಚೇರಿಯಲ್ಲಿ ವಿಚಾರಣೆಗೆ ಹಾಜರಾಗತಕ್ಕದ್ದು. ಆಕ್ಷೇಪಿಸಿದವರು...'"

ನಿಂತಳು.

"ಯಾಕ ನಿಂತಿ? ಓದ," ಎಂದಳು ಮಲಿಕಾಬಿ.

"'ಹೊಳೆಪ್ಪ, ತಂದೆ ಚನ್ನಪ್ಪ.'"

ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ತಂದುಕೊಂಡೆ. ತೀರಿಹೋಗಿ ಇಪ್ಪತ್ತು ವರ್ಷವಾದ ಅಪ್ಪನಿಗೂ ಇದರಲ್ಲಿ ಪಾಲು ಕೊಡಿಸಿದ್ದೆ.

ಮಲಿಕಾಬಿ ಜಗಳ ತೆಗೆಯಲಿಲ್ಲ. ನನ್ನ ಕಡೆ ತಿರುಗಿ, ನಿಜವಾಗಿಯೂ ತಿಳಿದುಕೊಳ್ಳುವ ಆಸೆ ಇದ್ದವಳಂತೆ ಕೇಳಿದಳು: "ನಾ ಎಲ್ಲಿಗೆ ಹೋಗೇನಿ ಅಂತ ಬರದೀಯಪಾ ಹೊಳೆಪ್ಪಣ್ಣ? ಊರ ಬಿಟ್ಟು ಹೋಗಬೇಕಾರ ನಿನ್ನ ಬಸ್ಸಿನ್ಯಾಗ ಹೋಗಿರಬೇಕಲ್ಲ. ಟಿಕೀಟ ಎಲ್ಲಿಗೆ ಹರದಿದ್ದಿ, ನೆನಪೈತೇನು?"

"ಆಫೀಸಿನವರದು ಏನೋ ತಪ್ಪಾಗಿರಬೇಕು," ಎಂದೆ.

ಆಫೀಸಿನವರ ತಪ್ಪು ಎನ್ನುವುದು ಸಾರ್ವಜನಿಕ ಜೀವನದ ಮೊದಲ ಪಾಠ. ಎಷ್ಟು ಬೇಗ ಕಲಿತೆ!

ಆಗಸ್ಟ್ ೫, ಮಂಗಳವಾರ

ಅಂಗನವಾಡಿ ಟೀಚರ್ ನಂದಾಳೇ ನಮ್ಮ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವವಳು. ಕೇಳಿದ್ದಕ್ಕೆ ಪೂರ್ತಿ ಪಟ್ಟಿ ತೋರಿಸಿದಳು. ನಲವತ್ತೊಂದು ಹೆಸರು, ಉಳಿದ ಒಂಬತ್ತು ಫಾರ್ಮಿಗೆ ಹೆಸರು ಸಾಲಲಿಲ್ಲವೇನೋ. ನಲವತ್ತೊಂದೂ ಜಮಖಾನದ ಓಣಿಯವೇ. ಆಕ್ಷೇಪಿಸಿದವನೂ ಒಬ್ಬನೇ. ಬಸ್ ಸ್ಟ್ಯಾಂಡಿನ ಚಹಾದ ಅಲ್ಲಾಭಕ್ಷನ ಹೆಸರಿನ ಮುಂದೆ "ಮರಣ" ಎಂದಿದೆ.

"ಅಲ್ರಿ ಕಾಕಾ, ನೀವ ಹಿಂಗ ಮಾಡಿದ್ರ ಹೆಂಗ್ರಿ?" ಎಂದಳು ನಂದಾ. ಅಂಗನವಾಡಿ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಂಡಾಗ ಅವಳು ಇದೇ ಧ್ವನಿಯಲ್ಲಿ ಕೇಳುತ್ತಾಳೆ.

ನೇರ ಗೊಬ್ಬರದ ಅಂಗಡಿಗೆ ಹೋದೆ. ಹೇಮಂತ ಬಾಗಿಲು ಹಾಕಿಕೊಂಡು ಮಾತಾಡಿದ.

"ಕಾಕಾ, ಹೋದ ಸಲ ಈ ವಾರ್ಡು ಎಷ್ಟರಾಗ ಸೋತೇವಿ? ಇಪ್ಪತ್ತೆರಡ ಓಟು. ಇಪ್ಪತ್ತೆರಡು! ಗೆಲ್ಲೋದು ನಿಮಗ ಬ್ಯಾಡೇನು?"

"ಅವರು ಬದುಕ್ಯಾರಲ್ಲೋ."

"ಬದುಕಿದ್ರ ವಿಚಾರಣಾಕ್ಕ ಬಂದು ಹೇಳಲಿ. ಹೊಲದಾಗ ಹೆಸರುಕಾಯಿ ಬಿಡಸೋ ಸುಗ್ಗಿ ಐತಿ, ಕೂಲಿ ಬಿಟ್ಟು ಯಾರು ಬರತಾರ? ಬರಲಿಲ್ಲಂದ್ರ ಹೆಸರು ಹೋಕ್ಕಾವ. ನೀವು ಸುಮ್ಮನಿರ್ರಿ. ಮತ್ತ ಇನ್ನೊಂದ ಮಾತು, ಸುಳ್ಳು ಆಕ್ಷೇಪಣಾ ಕೊಟ್ರ ಒಂದು ವರ್ಷ ಜೈಲು ಐತಂತ. ಸಹಿ ನಿಮ್ಮದೈತಿ. ನಿಮ್ಮ ಒಳ್ಳೇದಕ್ಕ ಹೇಳತೇನಿ."

ನನ್ನ ಒಳ್ಳೆಯದನ್ನು ಬಯಸುವ ಒಬ್ಬ ಮನುಷ್ಯ ಈ ಊರಿನಲ್ಲಿದ್ದಾನೆ ಎಂದು ಸಮಾಧಾನವಾಯಿತು.

ಆಗಸ್ಟ್ ೬, ಬುಧವಾರ

ವಿಚಾರ ಮಾಡಿ ನೋಡಿದೆ. ತಪ್ಪು ನನ್ನದಲ್ಲ. ತುಂಬಿದವರದು. ಸಹಿ ಮಾಡುವುದು ತಪ್ಪಾದರೆ ಸರ್ಕಾರವೇ ನಡೆಯುವುದಿಲ್ಲ. ಸುಮ್ಮನಿರುವುದೇ ಒಳ್ಳೆಯದು.

ಆಗಸ್ಟ್ ೮, ಶುಕ್ರವಾರ

ಶಿವಗಂಗವ್ವ ಮಾತು ಬಿಟ್ಟಿದ್ದಾಳೆ. ಗುರೆಳ್ಳು ಹೆಚ್ಚಾಗಿದೆ ಎಂದೆ. ತಾಟು ಎತ್ತಿಕೊಂಡು ಒಳಗೆ ಹೋದಳು. ಮಧ್ಯಾಹ್ನವೆಲ್ಲ ಮಲಿಕಾಬಿಯ ಮನೆಯಲ್ಲಿ ಕೂತಿರುತ್ತಾಳೆ.

ಬಸ್ ಸ್ಟ್ಯಾಂಡಿಗೆ ಹೋದೆ. ಅಲ್ಲಾಭಕ್ಷ ಎಂದಿನಂತೆ ಚಹಾ ಸೋಸಿ ಕಪ್ಪು ಮುಂದಿಟ್ಟ. ತೆಗೆದುಕೊಳ್ಳುವಷ್ಟರಲ್ಲಿ, "ಸತ್ತಾವನ ಕೈಯಾಗಿನ ಚಾ ನಡೀತೇತೇನ್ರಿ ಕಂಡಕ್ಟರ್ ಸಾಹೇಬ್ರ?" ಎಂದ. ಸುತ್ತಲಿನವರು ನಕ್ಕರು. ಅವನೂ ನಕ್ಕ. ನನಗೂ ನಗಬೇಕೆನಿಸಿತು, ಆದರೆ ಬಾಯಿ ಕೇಳಲಿಲ್ಲ. ಚಹಾ ಅಲ್ಲೇ ಬಿಟ್ಟು ಬಂದೆ.

ಆಗಸ್ಟ್ ೧೧, ಸೋಮವಾರ

ಕನ್ನಡಕ ಹಾಕಿಕೊಂಡು ನಂದಾಳ ಹತ್ತಿರ ಒಂದು ಖಾಲಿ ಫಾರ್ಮು ಇಸಿದುಕೊಂಡು ಇರುವೆ ಸಾಲನ್ನು ಓದಿದೆ. ಆ ಮಾಹಿತಿಯನ್ನು ನಾನು ಖುದ್ದಾಗಿ ಪರಿಶೀಲಿಸಿದ್ದೇನಂತೆ.

ಪರಿಶೀಲಿಸಿದ್ದೇನೆ ಎಂದು ಬರೆದುಕೊಟ್ಟ ಮೇಲೆ ಪರಿಶೀಲಿಸದಿದ್ದರೆ ಹೇಗೆ? ಸ್ವಲ್ಪ ತಡವಾಗಿದೆ, ಅಷ್ಟೇ. ನಮ್ಮ ಬಸ್ಸುಗಳೂ ತಡವಾಗಿಯೇ ಹೋಗುತ್ತಿದ್ದವು, ಹೋಗದೆ ಇರುತ್ತಿರಲಿಲ್ಲ. ನಾಳೆಯಿಂದ ಆ ಓಣಿಗೆ ಹೋಗಬೇಕು. ಇದು ಸಮಿತಿಯ ಕೆಲಸವೇ ಹೊರತು ಬೇರೇನಲ್ಲ.

ಆಗಸ್ಟ್ ೧೪, ಗುರುವಾರ

ಮೂರು ದಿನದಲ್ಲಿ ಇಪ್ಪತ್ತಾರು ಜನರನ್ನು ನೋಡಿದೆ. ಎಲ್ಲರೂ ಇದ್ದಾರೆ, ಉಸಿರಾಡುತ್ತಿದ್ದಾರೆ. ಇಬ್ಬರು ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಲು ಜೀವ ಬೇಕು, ಆದ್ದರಿಂದ ಅವರನ್ನೂ ಇದ್ದಾರೆಂದೇ ಹಿಡಿದೆ.

ಹಸೀನಾಬಿ ಎಂಬ ಮುದುಕಿ ನೋಟೀಸನ್ನು ಕುರಾನಿನ ಜೊತೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. "ಇದಕ್ಕ ಹೋಗಲಿಲ್ಲಂದ್ರ ರೇಷನ್ ಬಂದ ಮಾಡತಾರೇನ್ರಿ? ಊರ ಬಿಡು ಅಂತಾರೇನ್ರಿ?" ಎಂದು ಕೇಳಿದಳು. ಅವಳಿಗೆ ನಾನೇ ಆಕ್ಷೇಪಿಸಿದವನೆಂದು ಗೊತ್ತಿರಲಿಲ್ಲ. ಹೇಳಿದೆ. ನೋಟೀಸನ್ನು ಮತ್ತೆ ಮಡಚುತ್ತ, "ಯಾಕ್ರಿ?" ಎಂದಳು. ಒಂದೇ ಶಬ್ದ. ಮುಖಂಡರ ಹನ್ನೆರಡು ನಿಮಿಷದ ಭಾಷಣಕ್ಕಿಂತ ಉದ್ದವಾಯಿತು.

ಜಾಕೀರ್ ಹೊಲದ ಕೂಲಿಗೆ ಹೋಗುವವನು. "ನೀವ ಬರದೀರಿ, ನೀವ ಹೋಗಿ ಅಳಿಸ್ರಿ. ನಾವ್ಯಾಕ ದಿನದ ಕೂಲಿ ಬಿಡೂಣು?" ಎಂದ. ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆದರೂ ಬರಲೇಬೇಕೆಂದು ಹೇಳಿ, ರೇಷನ್ ಕಾರ್ಡು, ಆಧಾರಿನ ಝೆರಾಕ್ಸು ನಾನೇ ಮಾಡಿಸಿ ತಂದುಕೊಡುತ್ತೇನೆ ಎಂದೆ. ಪರಿಶೀಲನೆಗೆ ದಾಖಲೆ ಬೇಕಲ್ಲ, ಅದಕ್ಕೆ.

ಆಗಸ್ಟ್ ೧೭, ಭಾನುವಾರ

ಪರಿಶೀಲನೆ ಮುಗಿಯಿತು. ನಲವತ್ತು ಜನ ಇದ್ದಾರೆ. ರಹೀಮಾಬಿ ಎಂಬವಳು ಮಾತ್ರ ಹೋದ ರಮ್ಜಾನಿನಲ್ಲಿ ತೀರಿಕೊಂಡಿದ್ದಾಳೆ. ಅಂದರೆ ನಮ್ಮ ಪಕ್ಷದ ಸತ್ಯನಿಷ್ಠೆ ನಲವತ್ತೊಂದರಲ್ಲಿ ಒಂದು. ಇಲ್ಲವೇ ಇಲ್ಲ ಎನ್ನುವವರಿಗೆ ಈ ಅಂಕಿ ತೋರಿಸಬೇಕು.

ಆಗಸ್ಟ್ ೧೯, ಮಂಗಳವಾರ

ಹೇಮಂತ ಮನೆಗೇ ಬಂದ. ಪೇಢೆ ತಂದಿದ್ದ.

"ಆ ಓಣ್ಯಾಗ ಭಾಳ ಅಡ್ಡಾಡಾಕತ್ತೀರಂತಲ್ರಿ ಕಾಕಾ."

"ಪರಿಶೀಲನಾ."

"ಅದೆಲ್ಲ ಸಾಕ್ರಿ. ಗುರುವಾರ ಹನ್ನೊಂದಕ್ಕ ಧಾರವಾಡಕ್ಕ ಹೋಗೂಣು. ಜಿಲ್ಲಾ ಮುಖಂಡರ ಮುಂದ ನಿಲ್ಲಿಸಿ ನಿಮ್ಮ ಟಿಕೆಟ್ ಪಕ್ಕಾ ಮಾಡಸ್ತೇನಿ. ಅವತ್ತ ತಪ್ಪಿದ್ರ ಮತ್ತ ನನ್ನ ಕೈಯಾಗಿಲ್ಲ."

ಗುರುವಾರ ಹನ್ನೊಂದಕ್ಕೇ ವಿಚಾರಣೆ. ಮುಹೂರ್ತ ಇಟ್ಟ ಜೋಯಿಸನನ್ನು ಮೆಚ್ಚಬೇಕು. ಅವನು ಹೋದ ಮೇಲೆ ಶಿವಗಂಗವ್ವ ಹದಿನೈದು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟಳು: "ಪೇಢೆ ನಾ ತಿನ್ನಂಗಿಲ್ಲ. ನಿಮಗ ಸೇರಿದ್ರ ತಿನ್ರಿ."

ತಿನ್ನಲಿಲ್ಲ. ಸಕ್ಕರೆ ಜಾಸ್ತಿ ಇದ್ದಂತೆ ಕಂಡಿತು.

ಆಗಸ್ಟ್ ೨೦, ಬುಧವಾರ

ವಿಶೇಷವೇನಿಲ್ಲ. ಇಸ್ತ್ರಿ ಮಾಡಿದ ಅಂಗಿ ಒಂದೇ ಇದೆ. ಧಾರವಾಡಕ್ಕೂ ಅದೇ, ತಾಲೂಕು ಕಚೇರಿಗೂ ಅದೇ. ಶಿವಗಂಗವ್ವ ಗೂಟಕ್ಕೆ ಹಾಕಿಟ್ಟಿದ್ದಾಳೆ. ಎಲ್ಲಿಗೆ ಎಂದು ಕೇಳಲಿಲ್ಲ.

ಆಗಸ್ಟ್ ೨೧, ಗುರುವಾರ

ಹನ್ನೊಂದು ಗಂಟೆಗೆ ತಾಲೂಕು ಕಚೇರಿಯ ವರಾಂಡದಲ್ಲಿ ತಲೆ ಎಣಿಸಿದೆ. ಮೂವತ್ತೆಂಟು. ಹನ್ನೊಂದೂ ಇಪ್ಪತ್ತಕ್ಕೆ ಹಸೀನಾಬಿಯನ್ನು ನಂದಾ ತನ್ನ ಸ್ಕೂಟಿಯ ಮೇಲೆ ಕರೆತಂದಳು. ಕಡೆಗೆ ಜಾಕೀರ್ ಬಂದ, ಹೊಲದಿಂದ ನೇರವಾಗಿ, ತಲೆಯ ತುಂಬ ಹೆಸರುಕಾಳಿನ ಹೊಟ್ಟು. ನಲವತ್ತು. ಫೋನು ಏಳು ಸಲ ಬಡಿದುಕೊಂಡಿತು. ಧಾರವಾಡದ ಕಾರು ಗೊಬ್ಬರದ ಅಂಗಡಿಯ ಮುಂದೆ ನಿಂತಿತ್ತೆಂದು ಕಾಣುತ್ತದೆ.

ಅಧಿಕಾರಿ ಹೆಣ್ಣುಮಗಳು, ಬೇರೆ ಕಡೆಯವರು. ಒಬ್ಬೊಬ್ಬರನ್ನೇ ಕರೆದರು. ಅಲ್ಲಾಭಕ್ಷನಿಗೆ, "ನೀವು ತೀರಿಕೊಂಡಿದ್ದೀರಿ ಅಂತ ಇದೆ. ಬದುಕಿರೋದಕ್ಕೆ ಏನು ದಾಖಲೆ ತಂದಿದ್ದೀರಿ?" ಎಂದು ಕೇಳಿ, ಕೇಳಿದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು.

"ಆಧಾರ ಕಾರ್ಡ್ ತಂದೇನ್ರಿ ಮೇಡಮ್ಮಾರ. ಸಾಲದಿದ್ರ ಚಾ ಮಾಡಿ ತರತೇನ್ರಿ," ಎಂದ ಅಲ್ಲಾಭಕ್ಷ.

ಮಲಿಕಾಬಿ ಹೆಚ್ಚು ಮಾತಾಡಲಿಲ್ಲ. "ಇಲ್ಲೇ ಹುಟ್ಟೇನ್ರಿ, ಇಲ್ಲೇ ನೇಯ್ತೇನ್ರಿ," ಎಂದಳು.

"ಆಕ್ಷೇಪಣೆ ಕೊಟ್ಟವರು ಬಂದಿದ್ದಾರಾ?" ಎಂದು ಅಧಿಕಾರಿ ಕಡತದಿಂದ ತಲೆ ಎತ್ತದೆಯೇ ಕೇಳಿದರು. ಬಂದಿರುವುದಿಲ್ಲ ಎಂದು ಬರೆಯಲು ಪೆನ್ನು ತಯಾರಿತ್ತು.

"ಬಂದೇನ್ರಿ."

ತಲೆ ಎತ್ತಿದರು. "ನೀವು ಬರ್ತೀರಿ ಅಂತ ಅಂದುಕೊಂಡಿರಲಿಲ್ಲ."

"ನಾನೂ ಅಂದುಕೊಂಡಿರಲಿಲ್ರಿ."

"ಈ ಸಹಿ ನಿಮ್ಮದಾ?"

"ನಂದ್ರಿ. ನಲವತ್ತೊಂದೂ ನಂದ."

"ಖುದ್ದಾಗಿ ಪರಿಶೀಲಿಸಿದ್ದೇನೆ ಅಂತ ಕೆಳಗೆ ಘೋಷಣೆ ಇದೆ. ಓದಿದ್ದೀರಾ?"

"ಸಹಿ ಮಾಡುವಾಗ ಓದಿಲ್ರಿ. ಆಮ್ಯಾಲೆ ಓದೇನಿ. ಪರಿಶೀಲನಾನೂ ಆಮ್ಯಾಲೆ ಮಾಡೇನಿ. ನಲವತ್ತು ಮಂದಿ ಇಲ್ಲೇ ಅದಾರ್ರಿ, ಎಣಿಸಿಕೋರಿ. ರಹೀಮಾಬಿ ಒಬ್ಬಾಕಿ ತೀರಿಕೊಂಡಾಳ, ಆಕಿದೊಂದು ತಗೀರಿ. ಉಳಿದದ್ದೆಲ್ಲ ಸುಳ್ಳ್ರಿ."

"ಹಾಗಾದರೆ ಬರೆದವರು ಯಾರು?"

"ನನಗ ಗೊತ್ತಿಲ್ರಿ. ಖಾಲಿ ಫಾರ್ಮಿಗೆ ಸಹಿ ಮಾಡಿ ಪಕ್ಷದ ಆಫೀಸಿನ್ಯಾಗ ಅಧ್ಯಕ್ಷರ ಕೈಯಾಗ ಕೊಟ್ಟೇನಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಹೀಗೆ ಹೇಳಿಕೆ ಕೊಟ್ಟರೆ ನಿಮ್ಮ ಮೇಲೂ ಕ್ರಮ ಆಗಬಹುದು. ಗೊತ್ತಿದೆಯಾ?"

"ಗೊತ್ತೈತ್ರಿ. ಅದನ್ನೂ ಅಧ್ಯಕ್ಷರ ಹೇಳ್ಯಾರ."

ಬರೆದುಕೊಡಿ ಎಂದರು. ಬರೆಯುವಾಗ ಕಾಗದ ಹಾರದಂತೆ ಅಂಗೈ ಊರಿ ಹಿಡಿದೆ. ಫ್ಯಾನು ಜೋರಾಗಿತ್ತು. ಮೂರು ಸಲ ಓದಿ ಸಹಿ ಮಾಡಿದೆ. ಐವತ್ತೊಂದನೆಯ ಸಹಿ ಅಷ್ಟು ಚೆಂದ ಬರಲಿಲ್ಲ.

ಮೆಟ್ಟಿಲಿಳಿಯುವಾಗ ಮಲಿಕಾಬಿ ಬಾಜುವಿಗೆ ಬಂದಳು. ನಾಲ್ಕು ಒಳ್ಳೆಯ ಮಾತು ಹೇಳಬಹುದೆಂದು ನಿಧಾನ ಮಾಡಿದೆ.

"ಹೊಳೆಪ್ಪಣ್ಣ, ನೀ ನಿಂತಿದ್ರ ನಾ ನಿನಗ ಓಟ ಹಾಕತಿದ್ದೆ. ಪಾರ್ಟಿ ನೋಡಿ ಅಲ್ಲ. ಗಂಗವ್ವನ ಗಂಡ ಅಂತ, ಊರ ಮನಶಾ ಅಂತ. ಓಣಿಗೆಲ್ಲ ಹೇಳತಿದ್ದೆ. ನೀ ಬಾಗಲದಾಗ ಬಂದು ಚಾ ಕುಡದು ಹೋದಿ, ಕೇಳಲೇ ಇಲ್ಲ."

ಅಷ್ಟು ಹೇಳಿ ಮುಂದೆ ಹೋದಳು. ಉಳಿದವರೆಲ್ಲ ಇಳಿದು ಹೋಗುವವರೆಗೆ ನಾನು ಮೆಟ್ಟಿಲ ಮೇಲೇ ನಿಂತೆ.

ಆಗಸ್ಟ್ ೨೨, ಶುಕ್ರವಾರ

ಪಕ್ಷದ ಗ್ರೂಪಿನಿಂದ ನನ್ನನ್ನು ತೆಗೆದುಹಾಕಿದ್ದಾರೆ. ನೋಟೀಸಿಲ್ಲ, ವಿಚಾರಣೆಯಿಲ್ಲ. ಮತದಾರರ ಪಟ್ಟಿಗಿಂತ ಇದು ಎಷ್ಟು ಸರಳ!

ಸೆಪ್ಟೆಂಬರ್ ೧೫, ಸೋಮವಾರ

ಈ ಇಪ್ಪತ್ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಕಾರಣ ಕೇಳುವ ನೋಟೀಸು ಬಂತು, ಉತ್ತರ ಕೊಟ್ಟೆ. ಪೊಲೀಸ್ ಠಾಣೆಗೆ ಎರಡು ಸಲ ಕರೆದರು, ಹೋದೆ. ಎರಡು ಸಲವೂ ಶಿವಗಂಗವ್ವ ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಜೈಲಿನಲ್ಲಿ ಎಣ್ಣೆಗಾಯಿಗೆ ಗುರೆಳ್ಳೇ ಹಾಕುವುದಿಲ್ಲವಂತೆ, ಅಲ್ಲಿ ನನಗೆ ಹಿಡಿಸುತ್ತದೆ ಎಂದಳು.

ಹೇಮಂತ ತನ್ನ ಹೇಳಿಕೆಯಲ್ಲಿ, ಹಿರಿಯರು ತಾವೇ ಆಸಕ್ತಿಯಿಂದ ತುಂಬಿ ತಂದರು, ನಾವು ತಡೆದರೂ ಕೇಳಲಿಲ್ಲ ಎಂದಿದ್ದಾನೆ. ಫಾರ್ಮಿನ ಕೈಬರಹ ಯಾರದೆಂದು ವಿಚಾರಣೆ ನಡೆದಿದೆಯಂತೆ. ಹುಬ್ಬಳ್ಳಿಯ ಸಿಟಿ ಬಸ್ಸಿನಂತೆ, ನಡೆದಿದೆ ಎನ್ನುತ್ತಾರೆ, ಕಾಣಿಸುವುದಿಲ್ಲ. ವಾರ್ಡಿನ ಟಿಕೆಟ್ ಹೇಮಂತನ ಹೆಂಡತಿಯ ತಮ್ಮನಿಗಂತೆ.

ಸೆಪ್ಟೆಂಬರ್ ೨೬, ಶುಕ್ರವಾರ

ಎರಡು ಕಾಗದ ಬಂದವು. ಒಂದರಲ್ಲಿ, ನಾನೇ ಹಾಜರಾಗಿ ನಿಜ ಹೇಳಿದ್ದರಿಂದ ಸದ್ಯ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಕೈಬರಹದ ವಿಚಾರಣೆಯಲ್ಲಿ ಕರೆದಾಗ ಸಾಕ್ಷಿಗೆ ಬರಬೇಕು. ಇನ್ನೊಂದರಲ್ಲಿ ನಲವತ್ತು ಆಕ್ಷೇಪಣೆ ತಿರಸ್ಕೃತ, ಒಂದು ಪುರಸ್ಕೃತ. ನಂದಾ ಪಟ್ಟಿ ತಂದು ತೋರಿಸಿದಳು. ಬೆರಳಿಟ್ಟು ಓದಿದೆ. ಎಲ್ಲರೂ ಇದ್ದಾರೆ.

ಅಕ್ಟೋಬರ್ ೧೦, ಶುಕ್ರವಾರ

ಮಲಿಕಾಬಿ ತನ್ನ ಮೊಮ್ಮಗಳು ಅತಿಯಾಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಹದಿನೆಂಟು ತುಂಬಿದೆ, ಪಟ್ಟಿಗೆ ಹೆಸರು ಸೇರಿಸಬೇಕು. ಆಗಸ್ಟಿನ ಆ ಮಾತಿನ ಮೇಲೆ ಮಲಿಕಾಬಿ ನಮ್ಮ ಹೊಸ್ತಿಲು ತುಳಿದದ್ದು ಇದೇ ಮೊದಲು. "ತಗಿಯೋ ಫಾರ್ಮು ಬರದಿದ್ದಿ. ಈಗ ಸೇರಸೋದು ಬರದು ಕೊಡು," ಎಂದಳು.

ಕನ್ನಡಕ ಹಾಕಿಕೊಂಡು ತುಂಬಿಕೊಟ್ಟೆ. ಅತಿಯಾ ಪೆನ್ನು ತೆಗೆದುಕೊಂಡು ಸಹಿ ಮಾಡಲು ಬಗ್ಗಿದಳು.

"ತಡಿಯವಾ. ಓದದ ಸಹಿ ಮಾಡಬಾರದು," ಎಂದೆ.

ಹುಡುಗಿ ತಲೆ ಎತ್ತಿದಳು. "ಅಜ್ಜಾರ, ಈ ಮಾತು ನೀವು ಹೇಳಾಕತ್ತೀರೇನ್ರಿ?"

ಒಳಗೆ ಶಿವಗಂಗವ್ವನ ಕೈಯಿಂದ ಸೌಟು ಬಿದ್ದ ಸಪ್ಪಳ. ಮೊದಲು ಅವಳು ನಕ್ಕಳು, ಆಮೇಲೆ ಮಲಿಕಾಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇಷ್ಟು ನಗುವ ಮಾತೇನಿತ್ತೋ ತಿಳಿಯಲಿಲ್ಲ.

ಅತಿಯಾ ಮಾತ್ರ ನಗಲಿಲ್ಲ. ಫಾರ್ಮನ್ನು ಮೊದಲಿನಿಂದ ಕಡೆಯವರೆಗೆ ಗಟ್ಟಿಯಾಗಿ ಓದಿದಳು, ಕೆಳಗಿನ ಇರುವೆ ಸಾಲನ್ನೂ ಬಿಡಲಿಲ್ಲ. ಅವಳ ಅಪ್ಪನ ಹೆಸರಿನಲ್ಲಿ ನಾನು ಬಿಟ್ಟಿದ್ದ ಒತ್ತಕ್ಷರವನ್ನು ತಿದ್ದಿಸಿದಳು. ಆಮೇಲೆ ಸಹಿ ಮಾಡಿದಳು.

ಅವರನ್ನು ಕಳಿಸಲು ಹೊರಗೆ ಬಂದರೆ ಕಟ್ಟೆಯ ಮೇಲೆ ಜಾಕೀರ್, ಹಸೀನಾಬಿ, ನಮ್ಮ ಓಣಿಯವರೇ ಇಬ್ಬರು ಕಾಗದ ಹಿಡಿದು ಕೂತಿದ್ದಾರೆ. ಒಬ್ಬರಿಗೆ ವಿಳಾಸ ತಪ್ಪಾಗಿದೆ, ಒಬ್ಬರಿಗೆ ಪಿಂಚಣಿ ನಿಂತಿದೆ. ನನಗೆ ಇದಕ್ಕೆಲ್ಲ ಪುರಸತ್ತಿಲ್ಲ, ನಾನು ರಾಜಕೀಯ ಬಿಟ್ಟವನು ಎಂದು ಸ್ಪಷ್ಟವಾಗಿ ಹೇಳಿದೆ.

ನಾಳೆ ಹತ್ತಕ್ಕೆ ಬರಲು ಹೇಳಿದ್ದೇನೆ.